ಕಾಯುವವಳಿಗೆ ಬಾರದ ಕಾಗದ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ದೇಶದ ಮನೆಗಳಿಗೆ ರಣರಂಗದಿಂದ ಎರಡು ಬಗೆಯ ಕಾಗದಗಳು ಬರುತ್ತಿದ್ದವು. ಒಂದು, ಸೈನಿಕ ತನ್ನ ಕೈಯಾರೆ ಬರೆದು ಮುಕ್ಕೋನವಾಗಿ ಮಡಚಿದ ಹಾಳೆ. ಅದಕ್ಕೆ ಲಕೋಟೆಯೂ ಇರಲಿಲ್ಲ, ಅಂಚೆಚೀಟಿಯೂ ಇರಲಿಲ್ಲ. ಒಳಮೈಯಲ್ಲಿ ಒಕ್ಕಣೆ, ಹೊರಮೈಯಲ್ಲಿ ವಿಳಾಸ. ಇನ್ನೊಂದು, ಅಚ್ಚು ಹಾಕಿದ ನಮೂನೆ. ನಿಮ್ಮ ಮಗ ಅಥವಾ ಗಂಡ ಇಂಥವನು ಇಂಥ ದಿನ ಮಡಿದ ಎಂದು ಖಾಲಿ ಜಾಗಗಳಲ್ಲಿ ಯಾರೋ ಗುಮಾಸ್ತ ತುಂಬಿಸಿದ ಕಾಗದ. ಜನ ಇದನ್ನು 'ಪೊಖರೋನ್ಕಾ' ಎಂದು ಕರೆದರು. ಹೂಳುವುದು ಎಂಬ ಅರ್ಥದ ಮಾತಿನಿಂದ ಹುಟ್ಟಿದ ಹೆಸರು ಅದು. ಅಂಚೆ ಹಂಚುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರೇ. ಮುಕ್ಕೋನವಲ್ಲದ ಕಾಗದ ಅವರ ಚೀಲದಲ್ಲಿದ್ದ ದಿನ ಬೀದಿಯೇ ಬಾಗಿಲು ತೆರೆಯಲು ಅಂಜುತ್ತಿತ್ತು.

ಅಚ್ಚು ಹಾಕಿದ ಕಾಗದದಲ್ಲಿ ಸಾವಿನ ಬದಲು ಒಮ್ಮೊಮ್ಮೆ ಬೇರೊಂದು ಮಾತು ಇರುತ್ತಿತ್ತು: ಸುದ್ದಿಯಿಲ್ಲದೆ ಕಾಣೆಯಾಗಿದ್ದಾನೆ. ನಮ್ಮ ಉರ್ದುವಿನ 'ಲಾಪತಾ'ದಲ್ಲಿ ಕಳೆದುಹೋಗುವುದು ಮನುಷ್ಯನ ವಿಳಾಸ. ರಷ್ಯನ್ ಮಾತಿನಲ್ಲಿ ಕಳೆದುಹೋಗುವುದು ಸುದ್ದಿ. ಕಾಣೆಯಾದವರು ಮತ್ತು ಸೆರೆಸಿಕ್ಕವರು ಎಂದು ಸೋವಿಯತ್ ಸೇನೆಯ ಲೆಕ್ಕದಲ್ಲಿ ಸೇರಿದವರು ಸುಮಾರು 45 ಲಕ್ಷ ಮಂದಿ. ಅಷ್ಟು ಮನೆಗಳಲ್ಲಿ ಯಾರೂ ಅಳಲೂ ಆಗದೆ, ಸುಮ್ಮನಿರಲೂ ಆಗದೆ ಕೂತಿದ್ದರು.

ಆದರೆ ಈ ಯಾವ ಕಾಗದವೂ ತನ್ನ ಹೆಸರಿಗೆ ಬರುವ ಹಕ್ಕಿಲ್ಲದ ಒಬ್ಬಳಿದ್ದಳು. ಮದುವೆಯಾಗಬೇಕಿದ್ದು ಆಗದೆ ಉಳಿದವಳು. ಸೇನೆ ಕಾಗದ ಕಳಿಸುವುದು ತಂದೆತಾಯಿಗೆ, ಹೆಂಡತಿಗೆ. ಪ್ರೀತಿಸಿದವಳು ಯಾವ ದಫ್ತರಿನ ಲೆಕ್ಕದಲ್ಲೂ ಇಲ್ಲ. 1944ರ ಜುಲೈ 8ರಂದು ಬಂದ ಕುಟುಂಬ ಕಾನೂನಂತೂ ನೋಂದಣಿಯಾದ ಮದುವೆಯೊಂದೇ ಮದುವೆ ಎಂದು ಸಾರಿತು. ವಿಚ್ಛೇದನ ಕಠಿಣವಾಯಿತು. ನೋಂದಣಿಯಿಲ್ಲದೆ ಹುಟ್ಟಿದ ಮಗು ತಂದೆಯ ಹೆಸರನ್ನಾಗಲಿ, ಜೀವನಾಂಶವನ್ನಾಗಲಿ ಕೇಳುವಂತಿರಲಿಲ್ಲ. ಗಂಡಸರು ಸಾಲುಸಾಲಾಗಿ ಸಾಯುತ್ತಿದ್ದ ಕಾಲದಲ್ಲಿ ಸರಕಾರ ಮಾಡಿದ ಕಾನೂನು ಇದು ಎಂಬುದನ್ನು ಗಮನಿಸಬೇಕು.

ಇಂಥ ಒಬ್ಬಳ ಕತೆಯನ್ನು ಹೇಳುವ ಚಿತ್ರ 'ಕೊಕ್ಕರೆಗಳು ಹಾರುತ್ತಿವೆ'. ರಷ್ಯನ್‌ನಲ್ಲಿ 'ಲೆತ್ಯಾತ್ ಝುರಾವ್ಲಿ'. 1957ರ ಅಕ್ಟೋಬರ್‌ನಲ್ಲಿ ತೆರೆಕಂಡಿತು. ನಿರ್ದೇಶಕ ಮಿಖಾಯಿಲ್ ಕಲಾತೊಝೋವ್, ಜಾರ್ಜಿಯಾದ ತಿಬಿಲಿಸಿಯವನು. ಛಾಯಾಗ್ರಾಹಕ ಸೆರ್ಗೇಯ್ ಉರುಸೆವ್‌ಸ್ಕಿ. ವೆರೋನಿಕಾ ಆಗಿ ಆಗಿನ್ನೂ ಇಪ್ಪತ್ತರ ಹರೆಯದಲ್ಲಿದ್ದ ತತ್ಯಾನಾ ಸಮೋಯ್ಲೊವಾ, ಬೊರೀಸ್ ಆಗಿ ಅಲೆಕ್ಸೇಯ್ ಬತಾಲೊವ್.

ಕತೆ ದೊಡ್ಡದೇನಲ್ಲ. 1941ರ ಜೂನ್ 22ರ ಮುಂಜಾವ. ಮಾಸ್ಕೋ ನದಿಯ ದಂಡೆಯಲ್ಲಿ ಇಬ್ಬರು ಓಡುತ್ತಾರೆ, ತಲೆಯ ಮೇಲೆ ಕೊಕ್ಕರೆಗಳ ಸಾಲು. ಬೀದಿ ತೊಳೆಯುವ ನೀರಿನ ಲಾರಿ ಬಂದು ಇಬ್ಬರನ್ನೂ ತೋಯಿಸುತ್ತದೆ. ಅದೇ ಬೆಳಿಗ್ಗೆ ಜರ್ಮನಿ ದಂಡೆತ್ತಿ ಬಂದಿರುತ್ತದೆ. ಬೊರೀಸ್ ಕಾರ್ಖಾನೆಯವನು, ವಿನಾಯಿತಿ ಸಿಗಬಹುದಾಗಿತ್ತು; ತಾನಾಗಿ ಹೆಸರು ಬರೆಸುತ್ತಾನೆ. ಅವಳನ್ನು ಅವನು ಕರೆಯುವುದು 'ಬೆಲ್ಕಾ' ಎಂದು, ಅಂದರೆ ಅಳಿಲು. ಅವಳ ಹುಟ್ಟುಹಬ್ಬಕ್ಕೆಂದು ಒಂದು ಅಳಿಲಿನ ಬೊಂಬೆಯನ್ನು ಅಜ್ಜಿಯ ಕೈಲಿಟ್ಟು ಹೋಗುತ್ತಾನೆ. ಬೊಂಬೆಯ ಬುಟ್ಟಿಯೊಳಗೆ ಒಂದು ಚೀಟಿ.

ಬೀಳ್ಕೊಡುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. ಬಸ್ಸಿನಲ್ಲಿ ಕೂತ ವೆರೋನಿಕಾಳ ಮುಖದ ಪಕ್ಕದಲ್ಲೇ ಕ್ಯಾಮೆರಾ ಇದೆ. ಅವಳು ಇಳಿದಾಗ ಅದೂ ಇಳಿಯುತ್ತದೆ, ಜನಜಂಗುಳಿಯಲ್ಲಿ ಅವಳ ಜೊತೆ ನುಗ್ಗುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮೇಲೇರಿ ನೋಡಿದರೆ ಅವಳು ಟ್ಯಾಂಕುಗಳ ಸಾಲಿನ ನಡುವೆ ರಸ್ತೆ ದಾಟುತ್ತಿರುವ ಒಂದು ಚಿಕ್ಕ ಆಕಾರ. ಅಲ್ಲಿ ಬೊರೀಸ್ ಅವಳನ್ನು ಹುಡುಕುತ್ತಿದ್ದಾನೆ, ಇವಳು ಅವನನ್ನು. ಅವನ ಕಡೆಗೆ ಅವಳು ಎಸೆದ ಬಿಸ್ಕತ್ತಿನ ಪೊಟ್ಟಣ ನೆಲಕ್ಕೆ ಬಿದ್ದು ಕವಾಯತಿನ ಕಾಲುಗಳಡಿ ಪುಡಿಯಾಗುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದೇ ಇಲ್ಲ. ಉರುಸೆವ್‌ಸ್ಕಿ ಯುದ್ಧಕಾಲದಲ್ಲಿ ರಣರಂಗದ ಕ್ಯಾಮೆರಾಮನ್ ಆಗಿದ್ದವನು. ಕೈಯಲ್ಲಿ ಕ್ಯಾಮೆರಾ ಹಿಡಿದು ಓಡುವುದನ್ನು ಅವನು ಸ್ಟುಡಿಯೋದಲ್ಲಿ ಕಲಿತದ್ದಲ್ಲ.

ಮುಂದೆ ವಿಮಾನದಾಳಿಯಲ್ಲಿ ಅವಳ ತಂದೆತಾಯಿ ಸಾಯುತ್ತಾರೆ. ಉರಿಯುವ ಮೆಟ್ಟಿಲುಗಳನ್ನು ಹತ್ತಿ ಬಾಗಿಲು ತೆರೆದರೆ ಆಚೆ ಮನೆಯೇ ಇಲ್ಲ, ಗೋಡೆಯ ಗಡಿಯಾರವೊಂದು ಮಾತ್ರ ನಡೆಯುತ್ತಿದೆ. ಬೊರೀಸನ ಮನೆಯವರು ಅವಳನ್ನು ಕರೆದು ಇಟ್ಟುಕೊಳ್ಳುತ್ತಾರೆ. ಆ ಮನೆಯಲ್ಲಿ ಬೊರೀಸನ ದೊಡ್ಡಪ್ಪನದೋ ಚಿಕ್ಕಪ್ಪನದೋ ಮಗ ಮಾರ್ಕ್ ಇದ್ದಾನೆ, ಪಿಯಾನೋ ನುಡಿಸುವವನು, ಯುದ್ಧ ತಪ್ಪಿಸಿಕೊಂಡವನು. ಇನ್ನೊಂದು ದಾಳಿಯ ರಾತ್ರಿ, ಕಿಟಕಿ ಗಾಜು ಪುಡಿಯಾಗಿ ಬಿದ್ದಿರುವಾಗ, ಅವನು ಅವಳ ಮೇಲೆ ಬೀಳುತ್ತಾನೆ. ಅವಳು ಬೇಡ ಬೇಡ ಎನ್ನುತ್ತಲೇ ಅವನ ಕೆನ್ನೆಗೆ ಹೊಡೆಯುತ್ತಾಳೆ, ಮತ್ತೆ ಮತ್ತೆ ಹೊಡೆಯುತ್ತಾಳೆ. ಅದೇ ಗಳಿಗೆಗೆ ಚಿತ್ರ ಜೌಗುನೆಲದ ಕಾಡಿಗೆ ಹೋಗುತ್ತದೆ. ಗಾಯಗೊಂಡ ಗೆಳೆಯನನ್ನು ಹೊತ್ತು ತಂದ ಬೊರೀಸನಿಗೆ ಗುಂಡು ತಗಲುತ್ತದೆ. ಬರ್ಚ್ ಮರಗಳು ಅವನ ಸುತ್ತ ತಿರುಗುತ್ತವೆ. ನಡೆಯದ ಮದುವೆಯ ಮೆರವಣಿಗೆ ಅವನ ಕಣ್ಣ ಮುಂದೆ ಹಾದುಹೋಗುತ್ತದೆ.

ಆಮೇಲೆ ಅವಳು ಮಾರ್ಕ್‌ನನ್ನು ಮದುವೆಯಾಗುತ್ತಾಳೆ. ಯಾಕೆ ಎಂದು ಚಿತ್ರ ವಿವರಿಸುವುದಿಲ್ಲ. ಇಬ್ಬರೂ ತಲೆತಗ್ಗಿಸಿ ಮನೆಯವರ ಮುಂದೆ ನಿಂತಿರುವ ದೃಶ್ಯವೊಂದೇ ಉತ್ತರ. ಬಲಾತ್ಕಾರವನ್ನು ಬಲಾತ್ಕಾರ ಎಂದು ಕರೆಯುವ ಧೈರ್ಯ 1957ರ ಚಿತ್ರಕ್ಕೆ ಇರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಮುಂದೆ ಇಡೀ ಚಿತ್ರ ಅದನ್ನು ಅವಳ ತಪ್ಪು ಎಂದೇ ಎಣಿಸುತ್ತದೆ, ಅವಳೂ ಹಾಗೆಯೇ ಎಣಿಸುತ್ತಾಳೆ. ಹಾಗೆ ಎಣಿಸುವ ಹೆಣ್ಣುಗಳನ್ನು ಕಾಣಲು ನಾವು ಸೈಬೀರಿಯಾದವರೆಗೆ ಹೋಗಬೇಕಾಗಿಲ್ಲ, ಬಿಡಿ.

ಈ ಕತೆ ಎಷ್ಟು ದೊಡ್ಡ ಮೌನವನ್ನು ಮುರಿಯಿತು ಎಂದು ತಿಳಿಯಲು ಅದರ ಹಿಂದಿನ ಹದಿನೈದು ವರ್ಷಗಳನ್ನು ನೋಡಬೇಕು.

1942ರ ಜನವರಿ 14ರಂದು 'ಪ್ರಾವ್ದಾ' ಪತ್ರಿಕೆ ಕೊನ್ಸ್ತಾಂತಿನ್ ಸೀಮೊನೋವ್‌ನ 'ನನಗಾಗಿ ಕಾದಿರು' ಕವಿತೆಯನ್ನು ಪ್ರಕಟಿಸಿತು. ನಟಿ ವಲೆಂತೀನಾ ಸೆರೋವಾಳಿಗೆ ಅರ್ಪಿಸಿದ್ದ ಖಾಸಗಿ ಕವಿತೆ ಅದು. ಕೆಲವೇ ದಿನಗಳಲ್ಲಿ ಇಡೀ ಸೇನೆಯದಾಯಿತು. ಸೈನಿಕರು ಪತ್ರಿಕೆಯಿಂದ ಕತ್ತರಿಸಿ ಎದೆಯ ಜೇಬಿನಲ್ಲಿ ಇಟ್ಟುಕೊಂಡರು, ನಕಲು ಮಾಡಿ ಮನೆಗೆ ಕಳಿಸಿದರು. ಎಲ್ಲರೂ ಆಸೆ ಬಿಟ್ಟರೂ ನೀನೊಬ್ಬಳು ಕಾದರೆ ನಾನು ಬದುಕಿ ಬರುತ್ತೇನೆ ಎಂಬುದು ಅದರ ಭಾವ. ಚಳಿಯ ಕಂದಕದಲ್ಲಿ ಕೂತವನಿಗೆ ಇದಕ್ಕಿಂತ ದೊಡ್ಡ ತಾಯಿತ ಇನ್ನೇನು ಬೇಕು? ಆದರೆ ಅದೇ ಮಾತನ್ನು ಆ ಕಡೆಯಿಂದ ತಿರುಗಿಸಿ ನೋಡಿ. ಕಾಯುವುದರಿಂದ ಗಂಡಸು ಉಳಿಯುತ್ತಾನೆ ಎಂದಾದರೆ, ಸತ್ತವನ ಸಾವಿಗೆ ಯಾರು ಹೊಣೆ? ಕಾದೂ ಕಾದೂ ಕಳೆದುಕೊಂಡ ಲಕ್ಷಾಂತರ ಹೆಂಗಸರ ಎದೆಯಲ್ಲಿ ಈ ಪ್ರಶ್ನೆಯ ಮುಳ್ಳೂ ಉಳಿದಿರಬೇಕು. ಇಂತಿಜಾರ್ ನಮ್ಮ ಗಜಲುಗಳಲ್ಲಿ ಪ್ರೇಮಿಯ ಆಭರಣ. ಆ ಯುದ್ಧದಲ್ಲಿ ಅದು ಹೆಂಗಸರ ಮೇಲೆ ಹೊರಿಸಿದ ಕರ್ತವ್ಯವಾಯಿತು. ಚಿತ್ರದಲ್ಲಿ ಬೊರೀಸನ ತಂದೆ ಫ್ಯೋದೊರ್ ಇವಾನೊವಿಚ್ ಸೈಬೀರಿಯಾದ ಆಸ್ಪತ್ರೆಯ ವೈದ್ಯ. ಪ್ರೇಯಸಿ ಬೇರೆಯವನನ್ನು ಮದುವೆಯಾದಳೆಂದು ಬ್ಯಾಂಡೇಜು ಕಿತ್ತುಕೊಳ್ಳುವ ಸೈನಿಕನನ್ನು ಸಮಾಧಾನಪಡಿಸಲು, ಅಂಥ ಹೆಂಗಸರಿಗೆ ಕ್ಷಮೆಯೇ ಇಲ್ಲವೆಂದು ಆತ ಇಡೀ ವಾರ್ಡಿನ ಎದುರು ಗುಡುಗುತ್ತಾನೆ. ವೆರೋನಿಕಾ ಅಲ್ಲೇ ನಿಂತಿದ್ದಾಳೆ. ಅವಳು ಓಡುತ್ತಾಳೆ, ರೈಲಿನ ಸೇತುವೆಯವರೆಗೆ. ಅಲ್ಲಿ ಲಾರಿಗೆ ಸಿಕ್ಕಿಬೀಳಲಿದ್ದ ಒಂದು ಅನಾಥ ಮಗುವನ್ನು ಎಳೆದುಕೊಳ್ಳುವುದರಿಂದ ತಾನೂ ಉಳಿಯುತ್ತಾಳೆ. ಮಗುವಿನ ಹೆಸರೂ ಬೊರೀಸ್.

ಯುದ್ಧ ಗೆದ್ದ ಮೇಲೆ ದುಃಖಕ್ಕೆ ಜಾಗ ಇನ್ನೂ ಕಿರಿದಾಯಿತು. 1946ರ ಮಾರ್ಚ್‌ನಲ್ಲಿ ಸ್ತಾಲಿನ್ ಹೇಳಿದ ಲೆಕ್ಕ ಸುಮಾರು 70 ಲಕ್ಷ ಸಾವು. 1961ರಲ್ಲಿ ಕ್ರುಶ್ಚೇವ್ 2 ಕೋಟಿ ಎಂದ. 1990ರಲ್ಲಿ ಗೋರ್ಬಚೇವ್ ಕಾಲದಲ್ಲಿ ಒಪ್ಪಿಕೊಂಡ ಸಂಖ್ಯೆ ಸುಮಾರು 2 ಕೋಟಿ 70 ಲಕ್ಷ. ಅಂದರೆ 2 ಕೋಟಿ ಸತ್ತವರನ್ನು ಲೆಕ್ಕಕ್ಕೆ ಸೇರಿಸಲು ಆ ಸರಕಾರಕ್ಕೆ ನಲವತ್ತನಾಲ್ಕು ವರ್ಷ ಹಿಡಿಯಿತು. ಮೇ 9ರ ವಿಜಯ ದಿನದ ರಜೆಯನ್ನು 1947ರ ಡಿಸೆಂಬರ್‌ನಲ್ಲಿ ರದ್ದು ಮಾಡಲಾಯಿತು. ಮತ್ತೆ ರಜೆ ಸಿಕ್ಕಿದ್ದು 1965ರಲ್ಲಿ. ಮಿಖಾಯಿಲ್ ಇಸಕೋವ್‌ಸ್ಕಿ ಎಂಬ ಕವಿ, 'ಕತ್ಯೂಷಾ' ಬರೆದವನೇ, 1945ರಲ್ಲಿ ಇನ್ನೊಂದು ಪದ್ಯ ಬರೆದ. ಗೆದ್ದು ಬಂದ ಸೈನಿಕ ತನ್ನ ಮನೆ ಸುಟ್ಟುಹೋಗಿದ್ದನ್ನೂ ಹೆಂಡತಿ ಗೋರಿ ಸೇರಿದ್ದನ್ನೂ ಕಾಣುತ್ತಾನೆ. ಇದು ನಿರಾಶಾವಾದ ಎಂದು ಟೀಕಾಕಾರರು ಮುಗಿಬಿದ್ದರು. ಮತ್ವೇಯ್ ಬ್ಲಾಂತೆರ್ ರಾಗ ಹಾಕಿದ್ದರೂ ಹಾಡು ಮೂಲೆ ಸೇರಿತು. 1960ರಲ್ಲಿ ಗಾಯಕ ಮಾರ್ಕ್ ಬೆರ್ನೆಸ್ ಅದನ್ನು ವೇದಿಕೆಯಲ್ಲಿ ಹಾಡುವವರೆಗೆ ಹದಿನೈದು ವರ್ಷ. ಗೆದ್ದ ದೇಶದಲ್ಲಿ ಅಳುವವನು ಗೆಲುವನ್ನು ಅನುಮಾನಿಸುತ್ತಿದ್ದಾನೆ ಎಂಬ ತರ್ಕ ಅದು.

ನಮ್ಮ ಚಿತ್ರದ ಮೂಲವೂ ಈ ಮೌನದಲ್ಲೇ ಸಿಕ್ಕಿಬಿದ್ದಿತ್ತು. ನಾಟಕಕಾರ ವಿಕ್ತೊರ್ ರೋಝೊವ್ 1941ರಲ್ಲಿ ಸ್ವಯಂಸೇವಕರ ಪಡೆ ಸೇರಿ ಅದೇ ವರ್ಷ ತೀವ್ರವಾಗಿ ಗಾಯಗೊಂಡವನು. ಚೇತರಿಸಿಕೊಳ್ಳುತ್ತ 1943ರಲ್ಲಿ ನಾಟಕ ಬರೆದ. ಆಡಲು ಅನುಮತಿ ಸಿಗಲಿಲ್ಲ. 1953ರಲ್ಲಿ ಸ್ತಾಲಿನ್ ಸತ್ತ. 1956ರ ಫೆಬ್ರವರಿಯಲ್ಲಿ ಪಕ್ಷದ ಮಹಾಧಿವೇಶನದಲ್ಲಿ ಕ್ರುಶ್ಚೇವ್ ಸ್ತಾಲಿನ್‌ನ ಅಪರಾಧಗಳ ಬಗ್ಗೆ ಗುಪ್ತ ಭಾಷಣ ಮಾಡಿದ. ಅದೇ ವರ್ಷ ಒಲೆಗ್ ಯೆಫ್ರೆಮೊವ್ ಎಂಬ ಯುವಕ ಕಟ್ಟಿದ ತಂಡ ರೋಝೊವ್‌ನ ನಾಟಕವನ್ನು 'ಸದಾ ಜೀವಂತರು' ಎಂಬ ಹೆಸರಿನಲ್ಲಿ ರಂಗಕ್ಕೆ ತಂದಿತು. ಮುಂದೆ 'ಸೊವ್ರೆಮೆನ್ನಿಕ್' ಎಂದು ಹೆಸರಾದ ರಂಗಮಂದಿರದ ಮೊದಲ ನಾಟಕ ಇದು. ಚಿತ್ರಕತೆಯನ್ನೂ ರೋಝೊವ್‌ನೇ ಬರೆದ. ಸಂಗೀತ ಕೊಟ್ಟ ಮೊಯ್ಸೇಯ್ ವಾಯ್ನ್‌ಬೆರ್ಗ್ 1939ರಲ್ಲಿ ವಾರ್ಸಾದಿಂದ ಒಬ್ಬನೇ ಓಡಿಬಂದ ಯಹೂದಿ. ಹಿಂದೆ ಉಳಿದ ತಂದೆ, ತಾಯಿ, ತಂಗಿಯನ್ನು ನಾಜಿಗಳು ಕೊಂದರು. ಕಾಣೆಯಾದವರಿಗಾಗಿ ಕಾಯುವುದು ಏನೆಂದು ಆತನಿಗೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಆ ವರ್ಷ ಸೋವಿಯತ್ ದೇಶದಲ್ಲಿ ಈ ಚಿತ್ರವನ್ನು ನೋಡಿದವರು ಸುಮಾರು 2 ಕೋಟಿ 80 ಲಕ್ಷ. ಎರಡು ವರ್ಷದ ನಂತರ, 1959ರ ಜನಗಣತಿಯಲ್ಲಿ, ಆ ದೇಶದಲ್ಲಿ ಗಂಡಸರಿಗಿಂತ ಹೆಂಗಸರು 2 ಕೋಟಿಗೂ ಹೆಚ್ಚು ಎಂದು ತಿಳಿಯಿತು. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ಕತ್ತಲ ಥಿಯೇಟರುಗಳಲ್ಲಿ ಯಾರು ಕೂತಿದ್ದರು ಎಂದು ಊಹಿಸಬಹುದು. ತೆರೆಯ ಮೇಲೆ ಒಬ್ಬಳು ಕಾಯಲಾರದೆ ಸೋತವಳು, ಆದರೂ ಕಾಯುವುದನ್ನು ಬಿಡದವಳು. ಹಿಂದಿನ ಯುದ್ಧಚಿತ್ರಗಳಾಗಿದ್ದರೆ ಅವಳನ್ನು ಸೇತುವೆಯಿಂದ ಬೀಳಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದವು. ಇಲ್ಲಿ ಅವಳನ್ನು ಬದುಕಲು ಬಿಡಲಾಯಿತು. ಮಾರ್ಕ್ ಮೋಸದಿಂದ ವಿನಾಯಿತಿ ಗಿಟ್ಟಿಸಿದ್ದು ತಿಳಿದಾಗ ಮುದುಕ ಡಾಕ್ಟರು ಅವನನ್ನು ಹೊರಗೆ ಹಾಕುತ್ತಾನೆ, ಅವಳನ್ನಲ್ಲ. ಅಳಿಲ ಬೊಂಬೆಯನ್ನು ಮಾರ್ಕ್ ಇನ್ನೊಬ್ಬಳಿಗೆ ಉಡುಗೊರೆ ಕೊಟ್ಟಿರುತ್ತಾನೆ. ಅಲ್ಲಿಂದ ಅದನ್ನು ಕಿತ್ತುಕೊಂಡಾಗ ಮಾತ್ರ ಬೊರೀಸನ ಚೀಟಿ ಅವಳಿಗೆ ಸಿಗುತ್ತದೆ. ಅವಳ ಹೆಸರಿಗೆ ಬಂದ ಒಂದೇ ಕಾಗದ, ಅದೂ ವರ್ಷಗಟ್ಟಲೆ ತಡವಾಗಿ.

ಕೊನೆಯ ದೃಶ್ಯ ಮಾಸ್ಕೋದ ರೈಲು ನಿಲ್ದಾಣ. ಗೆದ್ದ ಸೈನಿಕರು ಬರುತ್ತಿದ್ದಾರೆ. ಬಿಳಿ ಉಡುಪಿನಲ್ಲಿ, ಕೈತುಂಬ ಹೂ ಹಿಡಿದು ವೆರೋನಿಕಾ ಬಂದಿದ್ದಾಳೆ. ಅವನು ಸತ್ತ ಎಂದು ಆಸ್ಪತ್ರೆಯಲ್ಲೇ ಒಬ್ಬ ಹೇಳಿದ್ದ, ಅವಳು ನಂಬಿರಲಿಲ್ಲ. ಗೆಳೆಯ ಸ್ತೆಪಾನ್‌ನ ಮುಖ ನೋಡಿದಾಗ ನಂಬಲೇಬೇಕಾಗುತ್ತದೆ. ಸ್ತೆಪಾನ್ ರೈಲು ಎಂಜಿನ್ನಿನ ಮೇಲೆ ನಿಂತು ಇನ್ನು ಯುದ್ಧ ಬೇಡ ಎಂದು ಭಾಷಣ ಮಾಡುತ್ತಾನೆ. ಅವಳು ಅಳುತ್ತ ಹೂಗಳನ್ನು ಕಂಡಕಂಡವರಿಗೆ ಹಂಚುತ್ತಾಳೆ. ಒಬ್ಬಳ ದುಃಖವನ್ನು ಊರ ಸಂಭ್ರಮದಲ್ಲಿ ಕರಗಿಸುವ ಈ ಉಪಾಯ ಸರಕಾರಕ್ಕೆ ಒಪ್ಪಿತವಾದದ್ದೇ. ಭಾಷಣ ನನಗೆ ಕೃತಕ ಅನ್ನಿಸಿತು. ಆದರೆ ಉರುಸೆವ್‌ಸ್ಕಿಯ ಕ್ಯಾಮೆರಾ ಭಾಷಣಕ್ಕೆ ಕಿವಿಗೊಡುವುದಿಲ್ಲ, ಅವಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಆ ಮುಖದಲ್ಲಿ ಯಾವುದೂ ಕರಗಿಲ್ಲ.

1958ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ, ಸ್ವರ್ಣ ತಾಳೆ, ಈ ಚಿತ್ರಕ್ಕೆ ಬಂತು. ಫ್ರಾನ್ಸಿನಲ್ಲಿ ಚಿತ್ರದ ಹೆಸರು ಬದಲಾಗಿತ್ತು. ಫ್ರೆಂಚಿನಲ್ಲಿ ಈ ಹಕ್ಕಿಯ ಹೆಸರಿಗೆ ಬೀದಿಮಾತಿನಲ್ಲಿ ಸೂಳೆ ಎಂಬ ಅರ್ಥವೂ ಇರುವುದರಿಂದ ಅದನ್ನು ಬಿಟ್ಟು ಹತ್ತಿರದ ಇನ್ನೊಂದು ಉದ್ದಕಾಲಿನ ಹಕ್ಕಿಯ ಹೆಸರಿಟ್ಟರು. ವೆರೋನಿಕಾಳ ಮೇಲೆ ಎರಗಬಹುದಾಗಿದ್ದ ಬೈಗುಳ ಹೀಗೆ ಹಕ್ಕಿಯ ಬದಲಾವಣೆಯಲ್ಲಿ ತಪ್ಪಿತು. ಕನ್ನಡದಲ್ಲಿ ಈ ತೊಂದರೆಯಿಲ್ಲ, ಎರಡಕ್ಕೂ ನಾವು ಕೊಕ್ಕರೆ ಎಂದೇ ಅನ್ನುತ್ತೇವೆ. ರಾಜಸ್ಥಾನದ ಹೆಂಗಸರಂತೂ ಚಳಿಗಾಲಕ್ಕೆ ಉತ್ತರದ ಹುಲ್ಲುಗಾವಲುಗಳಿಂದ ಹಾರಿಬರುವ 'ಕುರ್ಜಾ' ಹಕ್ಕಿಗೆ, ದೂರದೇಶಕ್ಕೆ ಹೋದ ಗಂಡನಿಗೆ ನನ್ನ ಸುದ್ದಿ ಮುಟ್ಟಿಸು ಎಂದು ಹಾಡುತ್ತ ಬಂದವರು. ಅದೂ ಇದೇ ಕುಲದ ಹಕ್ಕಿ.

1957ರಲ್ಲೇ ಇನ್ನೊಬ್ಬ 'ಕಾಣೆಯಾದವ'ನಿಗೆ ಲೆನಿನ್ ಪ್ರಶಸ್ತಿ ಬಂತು. ಅವನು ತಾತಾರ್ ಕವಿ ಮೂಸಾ ಜಲೀಲ್. 1942ರ ಜೂನ್‌ನಲ್ಲಿ ವೋಲ್ಖೋವ್ ರಣರಂಗದಲ್ಲಿ ಗಾಯಗೊಂಡು ಜರ್ಮನರ ಸೆರೆಯಾದ. ಸೆರೆಯಾಳುಗಳಿಂದ ಜರ್ಮನರು ಕಟ್ಟಿದ ಪಡೆಯೊಳಗೇ ಗುಪ್ತ ಸಂಘಟನೆ ನಡೆಸಿ ಸಿಕ್ಕಿಬಿದ್ದ. 1944ರ ಆಗಸ್ಟ್ 25ರಂದು ಬರ್ಲಿನ್ನಿನಲ್ಲಿ ಅವನ ತಲೆ ಕಡಿದರು. ಇತ್ತ ಸ್ವದೇಶದಲ್ಲಿ ಅವನು ದ್ರೋಹಿಯೆಂಬ ಗುಮಾನಿಯ ಮೇಲೆ ಕಡತ ತೆರೆಯಲಾಗಿತ್ತು. 1941ರ ಆಗಸ್ಟ್‌ನ 270ನೇ ಆದೇಶದ ಪ್ರಕಾರ ಶರಣಾದವನು ದ್ರೋಹಿ, ಅವನ ಮನೆಯವರಿಗೆ ಸರಕಾರದ ನೆರವೂ ಇಲ್ಲ. ಸುದ್ದಿಯಿಲ್ಲದೆ ಕಾಣೆಯಾದವನು ಶರಣಾಗಿರಲೂಬಹುದು ತಾನೆ? ಹಾಗಾಗಿ ಕಾಯುವ ಹೆಂಗಸಿನ ತಲೆಯ ಮೇಲೆ ದುಃಖದ ಜೊತೆ ಶಂಕೆಯೂ ತೂಗುತ್ತಿತ್ತು. ಸೆರೆಯಲ್ಲಿ ಬರೆದ ಜಲೀಲನ ಎರಡು ಪುಟ್ಟ ಕವಿತೆಯ ಪುಸ್ತಕಗಳು, ಒಂದು ಅರಬಿ ಲಿಪಿಯದು, ಇನ್ನೊಂದು ಲ್ಯಾಟಿನ್ ಲಿಪಿಯದು, ಜೊತೆಗಿದ್ದ ಕೈದಿಗಳ ಮೂಲಕ ಯುದ್ಧದ ನಂತರ ತಾಯ್ನಾಡು ಸೇರಿದವು. ಅವನ್ನು 1953ರಲ್ಲಿ ಪತ್ರಿಕೆಯಲ್ಲಿ ಬೆಳಕಿಗೆ ತಂದವನು ಅದೇ ಸೀಮೊನೋವ್. ಕಾದಿರು ಎಂದು ಬರೆದವನು ಸಂಪಾದಿಸಿದ ಪುಣ್ಯಗಳಲ್ಲಿ ಇದು ದೊಡ್ಡದು. ಸೆರೋವಾಳ ಜೊತೆಗಿನ ಅವನ ದಾಂಪತ್ಯ ಮಾತ್ರ 1957ರಲ್ಲಿ ಮುರಿದುಬಿತ್ತು.

ಇನ್ನು ಕೊಕ್ಕರೆಗಳು ಮತ್ತೊಮ್ಮೆ ಹಾರಿದ್ದು ದಾಗಿಸ್ತಾನದಿಂದ. ಫೈಜ್ ಅಹಮದ್ ಫೈಜ್ ಉರ್ದುವಿಗೆ ತಂದ ಕವಿತೆಗಳಿಂದ ನಮಗೆ 'ರಸೂಲ್ ಹಮ್ಜಾ' ಎಂದು ಪರಿಚಿತನಾದ ಅವಾರ್ ಭಾಷೆಯ ಕವಿ ರಸೂಲ್ ಗಮ್ಜಾತೊವ್, 1965ರಲ್ಲಿ ಹಿರೋಶಿಮಾಕ್ಕೆ ಹೋಗಿದ್ದ. ಅಣುಬಾಂಬಿನ ವಿಕಿರಣದಿಂದ ರಕ್ತದ ಕ್ಯಾನ್ಸರ್ ಬಂದು, ಕಾಗದದ ಕೊಕ್ಕರೆ ಮಡಚುತ್ತ ಮಡಚುತ್ತ 1955ರಲ್ಲಿ ತೀರಿಹೋದ ಸದಾಕೊ ಎಂಬ ಹನ್ನೆರಡರ ಹುಡುಗಿಯ ಸ್ಮಾರಕ ಅಲ್ಲಿದೆ. ಜಪಾನಿನಲ್ಲಿದ್ದಾಗಲೇ ಅವನಿಗೆ ತಾಯಿ ತೀರಿಕೊಂಡ ತಂತಿ ಬಂತು. ಅವನ ಇಬ್ಬರು ಅಣ್ಣಂದಿರನ್ನು ಯುದ್ಧ ನುಂಗಿತ್ತು. ಈ ಮೂರೂ ಸೇರಿ ಅವಾರ್ ಭಾಷೆಯಲ್ಲಿ ಒಂದು ಕವಿತೆಯಾಯಿತು. ನಾವುಮ್ ಗ್ರೆಬ್ನೆವ್‌ನ ಅನುವಾದದಲ್ಲಿ 1968ರಲ್ಲಿ ಪ್ರಕಟವಾದಾಗ ಅದನ್ನು ಓದಿದವನು ಮಾರ್ಕ್ ಬೆರ್ನೆಸ್, ಇಸಕೋವ್‌ಸ್ಕಿಯ ಹಾಡನ್ನು ಮೂಲೆಯಿಂದ ಎತ್ತಿದ ಅದೇ ಗಾಯಕ. ಕವಿತೆಯಲ್ಲಿ 'ಜಿಗಿತ್'ಗಳು, ಅಂದರೆ ಕಾಕಸಸ್ಸಿನ ಕುದುರೆ ಸವಾರರು, ಎಂದಿದ್ದ ಕಡೆ 'ಸೈನಿಕರು' ಎಂದು ಮಾಡಿಸಿದ. ದಾಗಿಸ್ತಾನದ ದುಃಖ ಹೀಗೆ ಎಲ್ಲರದಾಯಿತು. ಯಾನ್ ಫ್ರೆಂಕೆಲ್ ರಾಗ ಹಾಕಿದ. 1969ರ ಜುಲೈಯಲ್ಲಿ ಬೆರ್ನೆಸ್ ಹಾಡಿ ಧ್ವನಿಮುದ್ರಿಸಿದ. ಶ್ವಾಸಕೋಶದ ಕ್ಯಾನ್ಸರಿನಿಂದ ಅವನು ಆಗಸ್ಟ್‌ನಲ್ಲಿ ಸತ್ತ.

ಯುದ್ಧದ ಮೊದಲ ವರ್ಷಗಳಲ್ಲಿ ಪ್ರತಿಯೊಬ್ಬ ಸೈನಿಕನಿಗೂ ಗಟ್ಟಿ ಕಪ್ಪು ಎಬೊನೈಟಿನ ಒಂದು ಪುಟ್ಟ ಕರಡಿಗೆ ಕೊಡುತ್ತಿದ್ದರು. ಒಳಗೆ ಸುರುಳಿ ಸುತ್ತಿದ ಚೀಟಿ. ಅದರಲ್ಲಿ ಹೆಸರು, ಊರು, ಮನೆಯವರ ವಿಳಾಸ ಬರೆಯಬೇಕು. ಬರೆದರೆ ಸಾವನ್ನು ಕರೆದಂತೆ ಎಂದು ಹೆದರಿ ಬಹಳ ಜನ ಖಾಲಿ ಬಿಟ್ಟರು. 1942ರ ನವೆಂಬರ್‌ನಲ್ಲಿ ಕರಡಿಗೆಯನ್ನೇ ರದ್ದು ಮಾಡಿ, ಗುರುತಿಗೆ ಸೈನಿಕನ ಕಿರುಪುಸ್ತಕವೊಂದೇ ಸಾಕೆಂದರು. ಕಾಗದ ಮಣ್ಣಿನಲ್ಲಿ ಎಷ್ಟು ದಿನ ಉಳಿದೀತು? ಜಲೀಲ್ ಸೆರೆಯಾದ ಪ್ರದೇಶಕ್ಕೆ ಸೇರಿದ ಮ್ಯಾಸ್ನೋಯ್ ಬೋರ್ ಕಾಡಿನಲ್ಲಿ, ನೊವ್‌ಗೊರೊದ್ ಸೀಮೆಯಲ್ಲಿ, ಹಿಮ ಕರಗಿದ ಮೇಲೆ ಸ್ವಯಂಸೇವಕರ ತಂಡಗಳು ಜೌಗುನೆಲ ಅಗೆದು ಎಲುಬುಗಳನ್ನು ಎತ್ತುತ್ತ ಬಂದಿವೆ. ಕರಡಿಗೆ ಸಿಕ್ಕರೆ ಅಲ್ಲಿಯೇ ತೆರೆಯುವುದಿಲ್ಲ, ನೀರು ಹಿಡಿದ ಚೀಟಿ ಗಾಳಿ ತಾಗಿದರೆ ಹಾಳಾಗುತ್ತದೆ. ಒಯ್ದು ಜೋಪಾನವಾಗಿ ಬಿಡಿಸುತ್ತಾರೆ. ಹೆಚ್ಚಿನವು ಖಾಲಿ. ಅಕ್ಷರ ಉಳಿದಿದ್ದರೆ ಅದರಲ್ಲಿರುವ ವಿಳಾಸದ ಊರಿಗೆ ಕಾಗದ ಹೋಗುತ್ತದೆ, ಅದನ್ನು ಮೊಮ್ಮಗನೋ ಮರಿಮಗಳೋ ತೆಗೆದುಕೊಳ್ಳುತ್ತಾರೆ.